ವಿಮಾ ಸರ್ವೇಯರ್ ಕೆಲಸ: ಪರವಾನಗಿಯಿಂದ ಫೈನಲ್ ರಿಪೋರ್ಟ್‌ವರೆಗೆ

ಎಂಜಿನಿಯರಿಂಗ್ ಮುಗಿಸಿದವರು, ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುಡಿದವರು, ಲೆಕ್ಕಪತ್ರದ ಕೆಲಸದಲ್ಲಿ ಪಳಗಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ವಿಮಾ ಸರ್ವೇಯರ್ ಆಗುವುದು ಹೇಗೆ, ಆದಮೇಲೆ ಮಾಡುವುದೇನು? ಮೊದಲರ್ಧಕ್ಕೆ ಉತ್ತರ ಚಿಕ್ಕದು. ಎರಡನೆಯದಕ್ಕೆ ಸ್ವಲ್ಪ ಕೂತು ಓದಬೇಕು.

ನಮ್ಮಲ್ಲಿ ಸರ್ವೇಯರ್ ಎಂದರೆ ಜಮೀನು ಅಳೆಯುವವರು ಎಂದೇ ಜನ ತಿಳಿಯುತ್ತಾರೆ. ಇಲ್ಲಿ ಹೇಳುತ್ತಿರುವುದು ‘ಸರ್ವೇಯರ್ ಮತ್ತು ಲಾಸ್ ಅಸೆಸರ್’ ಬಗ್ಗೆ. ಅಪಘಾತ, ಬೆಂಕಿ, ನೆರೆ, ಕಳವು ಆದಾಗ ಸ್ಥಳಕ್ಕೆ ಹೋಗಿ ಏನಾಯಿತು, ಯಾಕಾಯಿತು, ಪಾಲಿಸಿ ಪ್ರಕಾರ ಎಷ್ಟು ಕೊಡಬೇಕಾಗುತ್ತದೆ ಎಂದು ಅಂದಾಜಿಸಿ ವರದಿ ಕೊಡುವ ಸ್ವತಂತ್ರ ವೃತ್ತಿಪರರು ಇವರು. ನೇಮಿಸುವುದೂ ಶುಲ್ಕ ಕೊಡುವುದೂ ವಿಮಾ ಕಂಪನಿ. ಹಾಗೆಂದು ಕಂಪನಿಯ ವಕೀಲಿಕೆ ನಿಮ್ಮ ಕೆಲಸವಲ್ಲ; ಪಾಲಿಸಿದಾರರದ್ದೂ ಅಲ್ಲ. ಈ ಸ್ಥಾನ 1938ರ ವಿಮಾ ಕಾಯ್ದೆಯ 64ಯುಎಂ ಕಲಮಿನಿಂದ ಬಂದದ್ದು. ನಿಗದಿತ ಮೊತ್ತ ದಾಟಿದ ಕ್ಲೇಮನ್ನು ಪರವಾನಗಿ ಪಡೆದ ಸರ್ವೇಯರ್ ವರದಿಯಿಲ್ಲದೆ ಇತ್ಯರ್ಥ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. 2015ರ ನಿಯಮಾವಳಿ ಆ ಮಿತಿಯನ್ನು ವಾಹನಕ್ಕೆ 50,000 ರೂಪಾಯಿ, ಉಳಿದವಕ್ಕೆ 1 ಲಕ್ಷ ಎಂದು ಇಟ್ಟಿತು. ಮಿತಿ, ಅರ್ಹತೆ, ಗಡುವು ಎಲ್ಲವೂ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಜಾಲತಾಣದಲ್ಲಿ ಇಂದಿನ ಪಠ್ಯ ನೋಡಿಕೊಳ್ಳಿ.

ಹಂತ 1: ವಿಭಾಗ ಆರಿಸಿ

ಪರವಾನಗಿ ಸಿಗುವುದು ವಿಭಾಗವಾರು: ಬೆಂಕಿ, ಮೋಟಾರ್, ಎಂಜಿನಿಯರಿಂಗ್, ಮರೀನ್ ಕಾರ್ಗೋ (ಸಾಗಣೆಯ ಸರಕು), ಮರೀನ್ ಹಲ್ (ಹಡಗಿನ ಒಡಲು), ಲಾಭನಷ್ಟ (ವ್ಯವಹಾರ ನಿಂತು ತಪ್ಪಿಹೋದ ಲಾಭ), ಬೆಳೆ, ಇತರೆ. ನಿಮ್ಮ ಓದಿಗೂ ವಿಭಾಗಕ್ಕೂ ಹೊಂದಾಣಿಕೆ ಇರಬೇಕು. ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಓದಿದವರಿಗೆ ಮೋಟಾರ್ ಸಹಜ. ಲಾಭನಷ್ಟ ವಿಭಾಗ ಸಿಎ, ಕಾಸ್ಟ್ ಅಕೌಂಟೆಂಟ್‌ಗಳದ್ದು. ಬೆಳೆಗೆ ಕೃಷಿ ಪದವಿ ಬೇಕು.

ಮೋಟಾರಿನಲ್ಲಿ ಫೈಲುಗಳು ಹೆಚ್ಚು, ಒಂದೊಂದರ ಶುಲ್ಕ ಕಡಿಮೆ, ಓಡಾಟ ವಿಪರೀತ. ಬೆಂಕಿ ವಿಭಾಗದಲ್ಲಿ ಫೈಲು ಕಡಿಮೆ, ಆದರೆ ಒಂದೇ ಫೈಲು ತಿಂಗಳುಗಟ್ಟಲೆ ಕೂರಿಸುತ್ತದೆ, ಹಣವೂ ನಿಧಾನ. ಹೊಸಬರು ಮೋಟಾರಿನಿಂದ ಆರಂಭಿಸುವುದೇ ಮೇಲು: ತಿಂಗಳಿಗೆ ಹತ್ತಾರು ನಷ್ಟ ನೋಡಿದರೆ ಕಣ್ಣು ಬೇಗ ಪಳಗುತ್ತದೆ.

ಹಂತ 2: ತರಬೇತಿ, ಪರೀಕ್ಷೆ, ಪರವಾನಗಿ

ಹೈದರಾಬಾದಿನಲ್ಲಿರುವ ಭಾರತೀಯ ವಿಮಾ ಸರ್ವೇಯರ್ ಮತ್ತು ಲಾಸ್ ಅಸೆಸರ್‌ಗಳ ಸಂಸ್ಥೆಯಲ್ಲಿ (ಐಐಐಎಸ್‌ಎಲ್‌ಎ) ವಿದ್ಯಾರ್ಥಿ ಸದಸ್ಯರಾಗಿ, ಆಯಾ ವಿಭಾಗದಲ್ಲಿ ಪರವಾನಗಿ ಇರುವ ಹಿರಿಯ ಸರ್ವೇಯರ್ ಕೈಕೆಳಗೆ ಸಾಮಾನ್ಯವಾಗಿ 12 ತಿಂಗಳು ತರಬೇತಿ ಪಡೆಯಬೇಕು. ಇನ್ಶುರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಸರ್ವೇಯರ್ ಪರೀಕ್ಷೆ ಪಾಸಾಗಬೇಕು. ಆಮೇಲೆ ಪರವಾನಗಿಗೆ ಅರ್ಜಿ. ಪರವಾನಗಿ ಮೂರು ವರ್ಷದ್ದು. ಸಂಸ್ಥೆಯ ಸದಸ್ಯತ್ವದಲ್ಲಿ ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೊ ಎಂಬ ಮೂರು ಮೆಟ್ಟಿಲುಗಳಿವೆ. ದೊಡ್ಡ ಮೊತ್ತದ ನಷ್ಟ ಕೈಗೆ ಸಿಗುವುದು ಮೆಟ್ಟಿಲು ಏರಿದ ಮೇಲೆ.

ಇಲ್ಲಿ ಎಡವುವ ಜಾಗ ಎರಡು. ತರಬೇತಿ ವರ್ಷವನ್ನು ಸಹಿ ಹಾಕಿಸಿಕೊಳ್ಳುವ ಕಾಗದದ ಕೆಲಸವಾಗಿ ಮುಗಿಸುವವರು ಮೊದಲ ಫೈಲಿನಲ್ಲೇ ಸಿಕ್ಕಿಬೀಳುತ್ತಾರೆ. ನವೀಕರಣದ ದಿನಾಂಕ ಮರೆಯುವುದು ಇನ್ನೊಂದು. ಪರವಾನಗಿ ಮುಗಿದ ಅವಧಿಯಲ್ಲಿ ಮಾಡಿದ ಸರ್ವೆಗೆ ಬೆಲೆಯಿಲ್ಲ. ನಷ್ಟ ಆಗುವುದು ನಿಮಗೊಬ್ಬರಿಗೇ ಅಲ್ಲ, ಪಾಲಿಸಿದಾರರಿಗೂ.

ಪರವಾನಗಿ ಬಂತೆಂದರೆ ಕೆಲಸ ಬಂತು ಎಂದಲ್ಲ. ಪ್ರತಿ ಕಂಪನಿಯ ಪ್ಯಾನೆಲ್‌ಗೆ, ಅಂದರೆ ಆ ಕಂಪನಿ ಕೆಲಸ ಹಂಚುವ ಸರ್ವೇಯರ್‌ಗಳ ಪಟ್ಟಿಗೆ, ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಒಂದೇ ಕಂಪನಿಯನ್ನು ನಂಬಿ ಕೂರಬೇಡಿ. ಶುರುವಿನ ಆರು ತಿಂಗಳು ಖರ್ಚಿಗೆ ಬೇರೆ ದಾರಿ ಇಟ್ಟುಕೊಳ್ಳಿ.

ಹಂತ 3: ಚೀಲದಲ್ಲಿ ಇರಬೇಕಾದ್ದು

5 ಮೀಟರ್ ಟೇಪು, ಗೋದಾಮಿಗೆ 30 ಮೀಟರ್ ಟೇಪು ಅಥವಾ ಲೇಸರ್ ಮೀಟರ್, ಟಾರ್ಚ್, ಚಿಕ್ಕ ಆಯಸ್ಕಾಂತ, ಸೀಮೆಸುಣ್ಣ, ನಂಬರ್ ಬರೆದ ಚೀಟಿಗಳು, ಕೈಗವಸು, ಮಾಸ್ಕ್, ದಪ್ಪ ಅಡಿಯ ಬೂಟು. ಫೋಟೊದಲ್ಲಿ ಸಮಯ ಮತ್ತು ಸ್ಥಳ ದಾಖಲಾಗುವಂತೆ ಫೋನ್ ಸಿದ್ಧವಿರಲಿ. ಆಯಸ್ಕಾಂತ ಯಾಕೆಂದರೆ, ಬಾಗಿಲಿನ ತಗಡಿನ ಮೇಲೆ ದಪ್ಪಗೆ ಪುಟ್ಟಿ (ಗುಳಿ ತುಂಬುವ ಲೇಪ) ಬಳಿದಿದ್ದರೆ ಅದು ಅಲ್ಲಿ ಕಚ್ಚುವುದಿಲ್ಲ. ಹಳೆಯ ರಿಪೇರಿ ಅಲ್ಲೇ ಬಯಲಾಗುತ್ತದೆ. ಅಲ್ಯೂಮಿನಿಯಂಗೂ ಅದು ಕಚ್ಚದು ಎಂಬುದು ನೆನಪಿರಲಿ.

ಜೀವದ ವಿಷಯ: ಸುಟ್ಟ ಕಟ್ಟಡದ ಚಾವಣಿ ಕೆಳಗೆ ಅಗ್ನಿಶಾಮಕ ಸಿಬ್ಬಂದಿ ಒಪ್ಪಿಗೆ ಕೊಡದೆ ಕಾಲಿಡಬೇಡಿ. ನೀರಲ್ಲಿ ಮುಳುಗಿದ ಕಾರಿನ ಬ್ಯಾಟರಿ ತಂತಿ ಬಿಚ್ಚಿಸದೆ ಒಳಗೆ ಕೈ ಹಾಕಬೇಡಿ. ಪೆಟ್ಟು ಬಿದ್ದ ಎಲೆಕ್ಟ್ರಿಕ್ ವಾಹನದ ಬ್ಯಾಟರಿ ಗಂಟೆಗಳ ನಂತರವೂ ಹೊತ್ತಿಕೊಳ್ಳಬಹುದು.

ಹಂತ 4: ನೇಮಕ ಬಂದ ದಿನ

ಮೊದಲು ಹಿತಾಸಕ್ತಿ ಪರೀಕ್ಷಿಸಿ. ಪಾಲಿಸಿದಾರರು ನಂಟರೇ, ವ್ಯವಹಾರದಲ್ಲಿ ಪಾಲುದಾರರೇ, ಗ್ಯಾರೇಜಿನಲ್ಲಿ ನಿಮ್ಮ ಹಣವಿದೆಯೇ? ಹೌದಾದರೆ ಫೈಲು ವಾಪಸ್ ಮಾಡಿ, ಲಿಖಿತವಾಗಿ.

ಆಮೇಲೆ ಪಾಲಿಸಿ ಓದಿ. ಸ್ಥಳಕ್ಕೆ ಹೋಗಿ ಬಂದು ಪಾಲಿಸಿ ಓದುವುದು ಹೊಸಬರ ದೊಡ್ಡ ತಪ್ಪು. ಅವಧಿ, ವಿಳಾಸ, ವಿಮಾ ಮೊತ್ತ, ಬ್ಯಾಂಕಿನ ಹೆಸರು, ಆ್ಯಡ್-ಆನ್‌ಗಳು, ಎಕ್ಸೆಸ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ್ಯಡ್-ಆನ್ ಎಂದರೆ ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸಿಕೊಂಡ ರಕ್ಷಣೆ. ಎಕ್ಸೆಸ್ ಎಂದರೆ ಪ್ರತಿ ಕ್ಲೇಮಿನಲ್ಲೂ ಪಾಲಿಸಿದಾರರೇ ಹೊರಬೇಕಾದ ಮೊತ್ತ. ಗೋದಾಮಿನ ವಿಳಾಸ ಪಾಲಿಸಿಯಲ್ಲಿ ಒಂದು, ಬೆಂಕಿ ಬಿದ್ದದ್ದು ಪಕ್ಕದ ಶೆಡ್ಡಿಗೆ ಎಂಬಂಥ ಸಂಗತಿ ಮೊದಲೇ ಗೊತ್ತಿದ್ದರೆ ನೀವು ತೆಗೆಯುವ ಫೋಟೊಗಳೇ ಬೇರೆಯಾಗುತ್ತವೆ.

ಪಾಲಿಸಿದಾರರಿಗೆ ಫೋನ್ ಮಾಡಿ ಮೂರು ಮಾತು ಹೇಳಿ: ನಾನು ಬರುವವರೆಗೆ ಏನನ್ನೂ ಬಿಚ್ಚಬೇಡಿ, ಎಸೆಯಬೇಡಿ, ನಷ್ಟ ಹೆಚ್ಚಾಗದಂತೆ ತಾಡಪಾಲು ಹೊದಿಸುವುದು, ನೀರು ಹೊರಹಾಕುವುದು ಮಾತ್ರ ಮಾಡಿ, ಅದನ್ನೂ ಮೊದಲು ಫೋಟೊ ತೆಗೆದು ಮಾಡಿ. ಇದೇ ಮಾತನ್ನು ಸಂದೇಶವಾಗಿಯೂ ಕಳಿಸಿ.

ಹಂತ 5: ವಾಹನದ ಸರ್ವೆ

ಮೋಟಾರ್ ಸರ್ವೆ ಮೂರು ಬಾರಿ ನಡೆಯಬಹುದು: ಅಪಘಾತದ ಜಾಗದಲ್ಲಿ ಸ್ಪಾಟ್ ಸರ್ವೆ, ಗ್ಯಾರೇಜಿನಲ್ಲಿ ಫೈನಲ್ ಸರ್ವೆ, ರಿಪೇರಿ ಮುಗಿದ ಮೇಲೆ ಮರುಪರಿಶೀಲನೆ. ಗ್ಯಾರೇಜಿನಲ್ಲಿ ಈ ಕ್ರಮ ಬಿಡಬೇಡಿ:

1. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಎಂಜಿನ್ ನಂಬರ್, ಓಡೋಮೀಟರ್, ನಂಬರ್ ಪ್ಲೇಟ್ ಫೋಟೊ.
2. ನಾಲ್ಕು ಮೂಲೆಗಳಿಂದ ಇಡೀ ವಾಹನ, ಆಮೇಲೆ ಹತ್ತಿರದಿಂದ ಪ್ರತಿ ಪೆಟ್ಟು. ಬಿಚ್ಚುವ ಮುಂಚೆ ಒಂದು ಸುತ್ತು, ಬಿಚ್ಚಿದ ಮೇಲೆ ಇನ್ನೊಂದು.
3. ಮೂಲ ಆರ್‌ಸಿ, ಚಾಲಕರ ಡಿಎಲ್. ವಾಣಿಜ್ಯ ವಾಹನವಾದರೆ ಪರ್ಮಿಟ್, ಫಿಟ್‌ನೆಸ್. ಅಪಘಾತದ ದಿನ ಇವು ಚಾಲ್ತಿಯಲ್ಲಿದ್ದವೇ ಎಂದು ನೋಡಿ. ಸರ್ವೆಯ ದಿನದ ಲೆಕ್ಕ ಬೇಡ.
4. ಎಸ್ಟಿಮೇಟನ್ನು ಸಾಲುಸಾಲಾಗಿ ಪೆಟ್ಟಿನ ಜೊತೆ ತಾಳೆ ನೋಡಿ: ಬದಲಿಸಬೇಕು, ರಿಪೇರಿ ಸಾಕು, ಸಂಬಂಧವಿಲ್ಲ.

ಹೇಳಿದ ಕಥೆಗೂ ಪೆಟ್ಟಿಗೂ ಹೊಂದುತ್ತದೆಯೇ ಎಂಬುದು ಇಲ್ಲಿಯ ನಿಜವಾದ ವಿದ್ಯೆ. ಗುದ್ದಿದ ಎತ್ತರ, ದಿಕ್ಕು, ಅಂಟಿದ ಬಣ್ಣ ನೋಡಿ. ಸೀಳಿನಂಚಿಗೆ ತುಕ್ಕು ಹಿಡಿದಿದ್ದರೆ ಅದು ನಿನ್ನೆಯದಲ್ಲ. ಬೈಕಿಗೆ ಗುದ್ದಿತು ಎನ್ನುವ ಕಾರಿನ ಬಾನೆಟ್ ಮೇಲ್ತುದಿ ಮಾತ್ರ ಮಡಚಿ ಬಂಪರ್ ಹಾಗೇ ಇದ್ದರೆ ಕೇಳಬೇಕಾದ್ದು ಬಹಳ ಇದೆ. ಹಾಗೆಂದು ಮುಖಕ್ಕೆ ಮುಖ ಕೊಟ್ಟು ಆರೋಪ ಮಾಡಬೇಡಿ. ಪ್ರಶ್ನೆ ಕೇಳಿ, ಉತ್ತರ ಬರೆಸಿಕೊಳ್ಳಿ.

ಮಳೆಗಾಲದಲ್ಲಿ ನೀರು ಕುಡಿದ ಎಂಜಿನ್ ಕ್ಲೇಮುಗಳು ಬರುತ್ತವೆ. ಸಿಲಿಂಡರಿಗೆ ಹೋದ ನೀರನ್ನು ಪಿಸ್ಟನ್ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುವುದಕ್ಕೆ ಹೈಡ್ರೊಸ್ಟ್ಯಾಟಿಕ್ ಲಾಕ್ ಎನ್ನುತ್ತಾರೆ. ನಿಂತ ನೀರಲ್ಲಿ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಆದದ್ದನ್ನು ಕಂಪನಿಗಳು ‘ಪರಿಣಾಮದ ನಷ್ಟ’ ಎಂದು ತಳ್ಳಿಹಾಕುವುದುಂಟು. ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಇದ್ದರೆ ಮಾತು ಬೇರೆ. ಏರ್ ಫಿಲ್ಟರ್ ಒದ್ದೆಯಿದೆಯೇ, ಸೀಟಿನ ಮೇಲೆ ನೀರಿನ ಗೆರೆ ಎಲ್ಲಿವರೆಗಿದೆ, ರಾಡ್ ಬಾಗಿದೆಯೇ: ಈ ಮೂರೂ ಫೋಟೊದಲ್ಲಿರಲಿ.

ಇನ್ನು ಲೆಕ್ಕ. ಸಾಮಾನ್ಯ ಪಾಲಿಸಿಯಲ್ಲಿ ಭಾಗಗಳಿಗೆ ಸವಕಳಿ, ಅಂದರೆ ಬಳಕೆಯಿಂದ ಇಳಿದ ಬೆಲೆ, ಕಳೆಯಬೇಕು. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ ಶೇ. 50; ಫೈಬರ್‌ಗ್ಲಾಸಿಗೆ ಶೇ. 30, ಗಾಜಿಗೆ ಇಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ: 6 ತಿಂಗಳವರೆಗೆ ಇಲ್ಲ, 1 ವರ್ಷದವರೆಗೆ ಶೇ. 5, 2ರವರೆಗೆ 10, 3ರವರೆಗೆ 15, 4ರವರೆಗೆ 25, 5ರವರೆಗೆ 35, 10ರವರೆಗೆ 40, ಆಮೇಲೆ 50. ಬಣ್ಣದಲ್ಲಿ ಸಾಮಗ್ರಿಗೆ ಮಾತ್ರ ಶೇ. 50 ಸವಕಳಿ, ಬಿಲ್ಲು ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿಯಬೇಕು. ಕೂಲಿಗೆ ಸವಕಳಿಯಿಲ್ಲ.

ಉದಾಹರಣೆಗೆ 2 ವರ್ಷ 4 ತಿಂಗಳ, 1200 ಸಿಸಿ ಖಾಸಗಿ ಕಾರು. ತೆರಿಗೆ ಪಕ್ಕಕ್ಕಿಡೋಣ. ಪ್ಲಾಸ್ಟಿಕ್ ಬಂಪರ್ 8,000, ಅರ್ಧ ಕಳೆದು 4,000. ಪ್ಲಾಸ್ಟಿಕ್ ಹೆಡ್‌ಲ್ಯಾಂಪ್ 12,000, ಅದೂ ಅರ್ಧ, 6,000. ಬಾನೆಟ್ 14,000, ಶೇ. 15 ಕಳೆದು 11,900. ಮುಂದಿನ ಗಾಜು 7,000 ಪೂರ್ತಿ. ಭಾಗಗಳಿಗೆ 28,900 ಆಯಿತು. ಕೂಲಿ 6,000. ಬಣ್ಣದ ಒಟ್ಟು ಬಿಲ್ಲು 12,000. ಅದರಲ್ಲಿ ಸಾಮಗ್ರಿ 3,000, ಅರ್ಧ ಕಳೆದರೆ 10,500. ಮೊತ್ತ 45,400. ಇದರಿಂದ 1500 ಸಿಸಿವರೆಗಿನ ಕಾರಿನ ಕಡ್ಡಾಯ ಕಡಿತ (ಎಕ್ಸೆಸ್) 1,000 ಮತ್ತು ಹಳೆ ಬಾನೆಟ್‌ನ ಗುಜರಿ ಬೆಲೆ 900 ಹೋದರೆ 43,500. ಗ್ಯಾರೇಜ್ ಬಿಲ್ಲು ಮಾತ್ರ 59,000. ಈ 15,500ರ ಅಂತರವನ್ನು ರಿಪೇರಿ ಶುರುವಾಗುವ ಮೊದಲೇ ವಾಹನದ ಮಾಲೀಕರಿಗೆ ಬಿಡಿಸಿ ಹೇಳಿ; ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇದನ್ನು ಕೊನೆಗೆ ಹೇಳಿದಾಗ. ಜೀರೊ ಡೆಪ್ ಆ್ಯಡ್-ಆನ್ ಇದ್ದರೆ ಭಾಗಗಳ ಸವಕಳಿ ಇಲ್ಲ, ಕಡ್ಡಾಯ ಕಡಿತ ಆಗಲೂ ಇದ್ದೇ ಇದೆ.

ರಿಪೇರಿ ವೆಚ್ಚ ಐಡಿವಿಯ, ಅಂದರೆ ಪಾಲಿಸಿಯಲ್ಲಿ ಘೋಷಿಸಿದ ವಾಹನ ಮೌಲ್ಯದ, ಶೇ. 75 ದಾಟಿದರೆ ಅದು ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’: ವಾಹನ ಕಣ್ಣೆದುರಿಗಿದ್ದರೂ ಪೂರ್ಣ ನಷ್ಟ. 6 ಲಕ್ಷದ ಐಡಿವಿಗೆ ಗೆರೆ 4.5 ಲಕ್ಷ. ಗ್ಯಾರೇಜಿನ ಹಸಿ ಎಸ್ಟಿಮೇಟನ್ನೇ ಈ ಗೆರೆಗೆ ಹೋಲಿಸುವುದು ತಪ್ಪು. ಪಾಲಿಸಿಯ ಷರತ್ತುಗಳಿಗೆ ಒಳಪಟ್ಟ ವೆಚ್ಚ ಹಿಡಿಯಬೇಕು, ವಾಹನ ಎತ್ತಿ ತರುವ ಖರ್ಚನ್ನೂ ಸೇರಿಸಬೇಕು.

ಹಂತ 6: ಬೆಂಕಿ ಬಿದ್ದ ದಾಸ್ತಾನು

ಇಲ್ಲಿ ಮೊದಲ ಎರಡು ದಿನವೇ ಎಲ್ಲ. ಬೂದಿ ಗುಡಿಸಿದ ಮೇಲೆ ಎಷ್ಟು ಸರಕಿತ್ತೆಂದು ಯಾರ ಅಪ್ಪನೂ ಹೇಳಲಾರ. ಕೋಣೆಯ ಉದ್ದ, ಅಗಲ, ರ‍್ಯಾಕಿನ ಎತ್ತರ ಅಳೆಯಿರಿ, ಕೈಯಲ್ಲೇ ನಕ್ಷೆ ಬರೆಯಿರಿ. ಪಾಲಿಸಿದಾರರು ಹೇಳುವ 4,000 ಪೆಟ್ಟಿಗೆ ಆ ಜಾಗದಲ್ಲಿ ಹಿಡಿಯುತ್ತವೆಯೇ ಎಂಬ ಸರಳ ಗಣಿತ ಎಷ್ಟೋ ಫೈಲುಗಳನ್ನು ಅಲ್ಲೇ ತೀರ್ಮಾನಿಸುತ್ತದೆ. ಸುಡದ ಸರಕು, ಅರೆಸುಟ್ಟ ಸರಕು, ನೀರಲ್ಲಿ ನೆನೆದ ಸರಕು ಬೇರೆ ಬೇರೆ ಮಾಡಿಸಿ ಎಣಿಸಿ, ಎಣಿಕೆ ಪಟ್ಟಿಗೆ ಎರಡೂ ಕಡೆಯ ಸಹಿ ಹಾಕಿಸಿ. ಖಾಲಿ ಹಾಳೆಗೆ ಸಹಿ ಯಾವತ್ತೂ ಬೇಡ.

ದಾಖಲೆಗಳನ್ನು ಒಂದೇ ಪತ್ರದಲ್ಲಿ ಕೇಳಿ. ವಾರಕ್ಕೊಂದು ಕಾಗದ ಕೇಳುವ ಸರ್ವೇಯರ್ ಎಂದು ಹೆಸರು ಬಂದರೆ ಕಷ್ಟ. ಕ್ಲೇಮ್ ಫಾರಂ, ಅಗ್ನಿಶಾಮಕ ವರದಿ, ಪೊಲೀಸ್ ದೂರು ಮತ್ತು ಪಂಚನಾಮೆ, ಹಿಂದಿನ ಮೂರು ವರ್ಷದ ಆಡಿಟ್ ಲೆಕ್ಕ, ಸ್ಟಾಕ್ ರಿಜಿಸ್ಟರ್, ಜಿಎಸ್‌ಟಿ ರಿಟರ್ನ್‌ಗಳು, ಖರೀದಿ ಬಿಲ್ಲು, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್. ಕಂಪ್ಯೂಟರ್ ಸುಟ್ಟಿದ್ದರೂ ಜಿಎಸ್‌ಟಿ ಪೋರ್ಟಲ್ ಸುಟ್ಟಿರುವುದಿಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಸಾಲದ ಮಿತಿಗೋಸ್ಕರ ಉಬ್ಬಿಸಿ ಬರೆದಿರುತ್ತಾರೆ.

ದಾಸ್ತಾನು ಹೀಗೆ ಕಟ್ಟಿ. ವರ್ಷಾರಂಭದ ದಾಸ್ತಾನು 18 ಲಕ್ಷ, ಆಮೇಲಿನ ಖರೀದಿ 52 ಲಕ್ಷ, ಸೇರಿ 70. ಮಾರಾಟ 60 ಲಕ್ಷ. ಹಿಂದಿನ ವರ್ಷಗಳ ಲೆಕ್ಕದಂತೆ ಒಟ್ಟು ಲಾಭ ಶೇ. 20 ಎಂದಿದ್ದರೆ ಮಾರಿದ ಸರಕಿನ ಅಸಲು 48 ಲಕ್ಷ. ಹಾಗಾದರೆ ಬೆಂಕಿಯ ದಿನ ಇದ್ದದ್ದು 22 ಲಕ್ಷ. ಎಣಿಕೆಯಲ್ಲಿ ಪೆಟ್ಟಾಗದ ಸರಕು 6 ಲಕ್ಷ ಸಿಕ್ಕಿದ್ದರೆ ನಷ್ಟ 16 ಲಕ್ಷ. ವರ್ಷಗಳಿಂದ ಮಾರಾಟವಾಗದೆ ಕೂತ ಸರಕಿದ್ದರೆ ಅದರ ಮೌಲ್ಯ ಇಳಿಸಬೇಕು. ಇಲ್ಲಿ ಇಲ್ಲ ಎಂದುಕೊಳ್ಳೋಣ.

ಅರೆಸುಟ್ಟ ಸರಕಿಗೆ, ಅಂದರೆ ಸಾಲ್ವೇಜಿಗೆ, ಕೊಟೇಶನ್ ತರಿಸಿ 1 ಲಕ್ಷ ಬಂದರೆ ನಿವ್ವಳ ನಷ್ಟ 15 ಲಕ್ಷ. ಈಗ ಸರಾಸರಿ ಷರತ್ತು: ಇದ್ದ ಸರಕಿಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ವಿಮಾ ಮೊತ್ತ 16.5 ಲಕ್ಷ, ಇದ್ದದ್ದು 22 ಲಕ್ಷ, ಮುಕ್ಕಾಲು ಪಾಲು. 15 ಲಕ್ಷದ ಮುಕ್ಕಾಲು 11.25 ಲಕ್ಷ. ಎಕ್ಸೆಸ್ ಕಳೆಯುವುದು ಇದರ ನಂತರ. ಸಾಲ್ವೇಜನ್ನು ಸರಾಸರಿಯ ನಂತರ ಕಳೆದರೆ 11 ಲಕ್ಷವೇ ಬರುತ್ತದೆ, ಪಾಲಿಸಿದಾರರಿಗೆ 25,000 ಖೋತಾ. ಈ ಅನುಕ್ರಮದ ತಪ್ಪು ಹಳಬರ ವರದಿಗಳಲ್ಲೂ ಕಾಣುತ್ತದೆ. ಇನ್ನೊಂದು ಗಮನಿಸಿ: 2021ರ ಏಪ್ರಿಲ್‌ನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಕಡಿಮೆ ವಿಮೆ ಶೇ. 15ರೊಳಗಿದ್ದರೆ ಕಡಿತವಿಲ್ಲ. ನಮ್ಮ ಉದಾಹರಣೆಯಲ್ಲಿ ಕೊರತೆ ಶೇ. 25, ಆ ರಿಯಾಯಿತಿ ಸಿಗದು. ಖರೀದಿಯ ಮೇಲೆ ಜಿಎಸ್‌ಟಿ ಜಮೆ ಪಡೆದ, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಂಡ, ವ್ಯಾಪಾರಿಗೆ ಅದೇ ತೆರಿಗೆಯನ್ನು ನಷ್ಟದಲ್ಲಿ ಮತ್ತೆ ಸೇರಿಸುವ ಮುನ್ನ, ಆ ಜಮೆಯನ್ನು ಅವರು ಹಿಂತಿರುಗಿಸಿದ್ದಾರೆಯೇ ಎಂದು ದಾಖಲೆ ಕೇಳಿ.

ಹಂತ 7: ವರದಿ

ದೊಡ್ಡ ನಷ್ಟಕ್ಕೆ ಮೊದಲು ಪ್ರಾಥಮಿಕ ವರದಿ: ಏನು ಕಂಡಿತು, ಅಂದಾಜು ಎಷ್ಟು. ಕಂಪನಿ ತನ್ನ ಲೆಕ್ಕದಲ್ಲಿ ಹಣ ತೆಗೆದಿಡುವುದು ಇದರ ಮೇಲೆ. ಆಮೇಲೆ ಫೈನಲ್. 2015ರ ನಿಯಮಾವಳಿಯಲ್ಲಿ ಇದಕ್ಕೆ 30 ದಿನವಿತ್ತು. ಅಲ್ಲಿಂದೀಚೆಗೆ ಗಡುವು ಬಿಗಿಯಾಗುತ್ತಾ ಬಂದಿದೆ. ದಾಖಲೆ ಬಾರದೆ ತಡವಾದರೆ ಜ್ಞಾಪನಾ ಪತ್ರಗಳ ದಿನಾಂಕವೇ ನಿಮ್ಮ ರಕ್ಷಣೆ.

ಫೈನಲ್ ವರದಿಯಲ್ಲಿ ಪಾಲಿಸಿ ವಿವರ, ಘಟನೆ, ತಪಾಸಣೆ, ಕಾರಣ, ಪಾಲಿಸಿ ಷರತ್ತುಗಳ ಪರಿಶೀಲನೆ, ಲೆಕ್ಕ, ಸಾಲ್ವೇಜ್, ಫೋಟೊ, ಲಗತ್ತುಗಳು ಈ ಕ್ರಮದಲ್ಲಿರಲಿ. ‘ವಿದೌಟ್ ಪ್ರಿಜುಡಿಸ್’ ಎಂದು ಮೇಲೆ ಬರೆಯುವುದು ರೂಢಿ. ಕ್ಲೇಮ್ ಒಪ್ಪುವ ಅಥವಾ ತಳ್ಳುವ ಹಕ್ಕು ಕಂಪನಿಯದ್ದೇ ಎಂದು ಅದರರ್ಥ. ಕಡಿತ ಮಾಡಿದ ಪ್ರತಿ ರೂಪಾಯಿಗೂ ಕಾರಣ ಬರೆಯಿರಿ. ‘ಸೂಕ್ತವೆನಿಸಿದಂತೆ ಕಡಿತಗೊಳಿಸಲಾಗಿದೆ’ ಎಂಬ ಸಾಲು ಗ್ರಾಹಕ ಆಯೋಗದ ಮುಂದೆ ಒಂದು ನಿಮಿಷವೂ ನಿಲ್ಲದು.

ನಿಮ್ಮ ವರದಿ ಕೊನೆಯ ಮಾತಲ್ಲ; ಸರಿಯಾದ ಕಾರಣವಿದ್ದರೆ ಅದರಿಂದ ಬೇರೆಯಾಗಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ತನಗೆ ಬೇಕಾದ ವರದಿ ಸಿಗುವವರೆಗೂ ಕಂಪನಿ ಒಬ್ಬರ ಮೇಲೊಬ್ಬ ಸರ್ವೇಯರ್‌ರನ್ನು ನೇಮಿಸುತ್ತಾ ಹೋಗುವಂತಿಲ್ಲ ಎಂದೂ ಹೇಳಿತು. ಮೊತ್ತ ತಗ್ಗಿಸಿ ಎಂದು ಫೋನ್ ಬಂದರೆ ಇದು ನೆನಪಿರಲಿ. ಹೊಸ ದಾಖಲೆ ಕೊಟ್ಟರೆ ಪೂರಕ ವರದಿ ಬರೆಯಿರಿ, ಬರೀ ಮಾತಿಗೆ ಅಂಕಿ ಬದಲಿಸಬೇಡಿ. ಅತ್ತ ಪಾಲಿಸಿದಾರರಿಗೂ ‘ಇಷ್ಟು ಬರುತ್ತದೆ’ ಎಂದು ಬಾಯಿಮಾತಿನಲ್ಲಿ ಭರವಸೆ ಕೊಡಬೇಡಿ. ಅವರ ಕಾಫಿ ಕುಡಿಯಿರಿ, ಕವರ್ ಬೇಡ.

ಹಂತ 8: ಶುಲ್ಕ ಮತ್ತು ಫೈಲು

ಬಿಲ್ಲನ್ನು ಫೈನಲ್ ವರದಿಯ ಜೊತೆಗೇ ಕಳಿಸಿ. ಆಮೇಲೆ ಕಳಿಸಿದ್ದು ಮೂಲೆ ಸೇರುತ್ತದೆ. ವೃತ್ತಿ ಶುಲ್ಕ, ಪ್ರಯಾಣ, ಫೋಟೊ ಬೇರೆ ಬೇರೆ ಸಾಲಾಗಿ ತೋರಿಸಿ. ಕಂಪನಿ ವೃತ್ತಿ ಶುಲ್ಕಕ್ಕೆ ಶೇ. 10 ಟಿಡಿಎಸ್ ಹಿಡಿದು ಕೊಡುತ್ತದೆ, ಅದನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಪಾಲಿಸಿದಾರರಿಂದ ಪೆಟ್ರೋಲಿನ ದುಡ್ಡನ್ನೂ ಪಡೆಯಬೇಡಿ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಕಾಲಾವಕಾಶವಿದೆ, ಮೇಲ್ಮನವಿಗಳು ಅದರಾಚೆಗೂ ನಡೆಯುತ್ತವೆ. ಸಾಕ್ಷಿ ಹೇಳಲು ಕರೆ ಬಂದಾಗ ನಿಮ್ಮ ಕೈಯಲ್ಲಿರುವುದು ಈ ಫೈಲೊಂದೇ. ಮೂಲ ಫೋಟೊಗಳನ್ನು ಕುಗ್ಗಿಸದೆ ಎರಡು ಕಡೆ ಇಡಿ, ವಾಟ್ಸಾಪಿನಲ್ಲಿ ಬಂದ ಪ್ರತಿಗಳಲ್ಲಿ ಸಮಯದ ದಾಖಲೆ ಅಳಿಸಿಹೋಗಿರುತ್ತದೆ.